ರೊಟ್ಟಿ ಬಡಿಯುವ ಕೈಗೆ ಮೊಣಕೈ ನೋವು ಬಂದರೆ: ಮನೆಯಲ್ಲೇ ಮಾಡುವ ನೀರಿನ ಕ್ಯಾನ್ ವ್ಯಾಯಾಮ

ಮೊಣಕೈಯ ಹೊರಬದಿಯಲ್ಲಿ ಎಲುಬಿನ ಒಂದು ಉಬ್ಬು ಕೈಗೆ ಸಿಗುತ್ತದೆ. ಅಲ್ಲಿ ಒತ್ತಿದರೆ ನೋವು, ತುಂಬಿದ ತಂಬಿಗೆ ಎತ್ತಿದರೆ ನೋವು, ಒದ್ದೆ ಸೀರೆ ಹಿಂಡಿದರೆ ನೋವು. ಇದು ನಿಮ್ಮ ಕಥೆಯಾದರೆ ಮುಂದೆ ಓದಿ. ಡಾಕ್ಟರುಗಳು ಇದನ್ನು ಟೆನಿಸ್ ಎಲ್ಬೋ ಅನ್ನುತ್ತಾರೆ. ನಾನು ಬಾಗಲಕೋಟೆಯಲ್ಲಿ ಫಿಜಿಯೋಥೆರಪಿ ಮಾಡುತ್ತೇನೆ. ಈ ನೋವಿಗೆ ನನ್ನ ಹತ್ತಿರ ಬರುವವರು ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು, ಇಳಕಲ್ ಮತ್ತು ಗುಳೇದಗುಡ್ಡದ ನೇಕಾರರು, ಮುಧೋಳ ಕಡೆಯಿಂದ ಕಬ್ಬು ಕಡಿಯುವವರು. "ಮೇಡಂ, ಚಹಾದ ಕಪ್ ಎತ್ತಾಕ ಬರವಲ್ದ್ರಿ, ಒಂದ್ ಸೂಜಿ ಹಾಕಸ್ರಿ" ಅನ್ನುತ್ತಲೇ ಒಳಗೆ ಬರುತ್ತಾರೆ. ಸೂಜಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಇದು ಅದೇ ನೋವಾ ಅಂತ ಖಾತ್ರಿ ಮಾಡಿಕೊಳ್ಳಿ.

ಕೈಯನ್ನು ನೇರ ಮುಂದೆ ಚಾಚಿ, ಅಂಗೈ ನೆಲದ ಕಡೆ ಇರಲಿ. ಇನ್ನೊಬ್ಬರು ನಿಮ್ಮ ನಡುಬೆರಳನ್ನು ಮೇಲಿನಿಂದ ಕೆಳಗೆ ಒತ್ತಲಿ, ನೀವು ಬಿಡದೆ ಮೇಲಕ್ಕೆ ತಳ್ಳಿ. ಆ ಉಬ್ಬಿನ ಹತ್ತಿರವೇ ಚುಳುಕ್ ಅಂದರೆ ಬಹುತೇಕ ಇದೇ. ಆದರೆ ಕುತ್ತಿಗೆಯಿಂದ ನೋವು ಇಳಿದು ಬೆರಳು ಜೋಮು ಹಿಡಿಯುತ್ತಿದ್ದರೆ, ಬಿದ್ದ ಮೇಲೆ ಶುರುವಾಗಿದ್ದರೆ, ಮೊಣಕೈ ಬಾತು ಬಿಸಿಯಾಗಿದ್ದರೆ, ಜ್ವರ ಇದ್ದರೆ, ಕೈ ಪೂರ್ತಿ ಚಾಚಲು ಆಗದಿದ್ದರೆ, ಈ ವ್ಯಾಯಾಮ ಬೇಡ. ಮೊದಲು ಮೂಳೆ ಡಾಕ್ಟರಿಗೆ ತೋರಿಸಿ.

ಈಗ ಒಳಗೆ ಏನಾಗಿದೆ ಅಂತ ನೋಡೋಣ. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳಲ್ಲಿ ಹೆಚ್ಚಿನವು ಆ ಉಬ್ಬಿಗೇ ಬಂದು ಅಂಟಿಕೊಂಡಿವೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಗಟ್ಟಿ ಹುರಿಯೇ ಟೆಂಡನ್. ನೀವು ಏನನ್ನೇ ಬಿಗಿಯಾಗಿ ಹಿಡಿದರೂ ಅದು ಎಳೆದುಕೊಳ್ಳುತ್ತದೆ. ಇದು ಬರೀ ಉರಿಯೂತ, ಬಾವು ಇಳಿಸಿದರೆ ಸಾಕು ಅಂತ ಬಹಳ ಕಾಲ ನಂಬಿದ್ದರು. 1979ರಲ್ಲಿ ಅಮೆರಿಕದ ಸರ್ಜನ್ ರಾಬರ್ಟ್ ನಿರ್ಶಲ್ ಮತ್ತು ಅವರ ಜೊತೆಗಾರರು ಆಪರೇಷನ್‌ನಲ್ಲಿ ತೆಗೆದ ತುಣುಕುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಕಂಡದ್ದು ಬೇರೆ. ಟೆಂಡನ್ನಿಗೆ ಬಲ ಕೊಡುವ, ಸಾಲಾಗಿ ಇರಬೇಕಾದ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಚೆಲ್ಲಾಪಿಲ್ಲಿಯಾಗಿದ್ದವು. ಹೊಸ ಸಣ್ಣ ರಕ್ತನಾಳಗಳು ನುಗ್ಗಿದ್ದವು. ಉರಿಯೂತದ ಜೀವಕೋಶಗಳು ಮಾತ್ರ ಕಾಣಲಿಲ್ಲ. ಅಂದರೆ ಇದು ಸವೆದು, ಸರಿಯಾಗಿ ರಿಪೇರಿ ಆಗದೆ ಉಳಿದ ಟೆಂಡನ್. ನೋವಿನ ಮಾತ್ರೆಯಿಂದ ನೋವು ತಗ್ಗುತ್ತದೆ, ಎಳೆಗಳು ಸಾಲಾಗುವುದಿಲ್ಲ.

ಟೆಂಡನ್ ಎಷ್ಟು ನಿಧಾನದ ವಸ್ತು ಅನ್ನುವುದಕ್ಕೆ ಡೆನ್ಮಾರ್ಕಿನ ಒಂದು ಅಧ್ಯಯನ ನನಗೆ ಬಹಳ ಇಷ್ಟ. 1950–60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣ ಸೂಸುವ ಇಂಗಾಲ ಏರಿತ್ತು. ಆ ಕಾಲದವರ ಮೈಯಲ್ಲಿ ಅದರ ಗುರುತು ಉಳಿದಿದೆ. ಅದನ್ನು ಅಳೆದು ಸಂಶೋಧಕರು 2013ರಲ್ಲಿ ತೋರಿಸಿದ್ದು ಹೀಗೆ: ಹಿಮ್ಮಡಿಯ ಅಕಿಲಿಸ್ ಟೆಂಡನ್‌ನ ತಿರುಳು ಮೊದಲ 17 ವರ್ಷದಲ್ಲಿ ಕಟ್ಟಿಕೊಳ್ಳುತ್ತದೆ, ಆಮೇಲೆ ಅದು ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಹಾಗಿರುವಾಗ ಮೊಣಕೈಯ ಟೆಂಡನ್ ಎಂಟು ದಿನದಲ್ಲಿ ಸರಿ ಹೋಗಬೇಕು ಅನ್ನುವುದು ಆಗದ ಮಾತು, ಅಲ್ವಾ? ಆದರೆ ಅದು ಭಾರಕ್ಕೆ ಸ್ಪಂದಿಸುತ್ತದೆ. ಹದವಾದ ಭಾರ ಬಿದ್ದಾಗ ಕೊಲಾಜನ್ ಒಡೆಯುವುದೂ ಹೆಚ್ಚುತ್ತದೆ, ಕಟ್ಟುವುದೂ ಹೆಚ್ಚುತ್ತದೆ. ಮೊದಲ ದಿನ ಒಡೆಯುವುದು ಜಾಸ್ತಿ, ಆಮೇಲೆ ಕಟ್ಟುವುದರ ಕೈ ಮೇಲಾಗುತ್ತದೆ. ಅದಕ್ಕೇ ಭಾರ ಬೇಕು, ಆದರೆ ಅಳತೆ ಇಟ್ಟು.

ಆ ಅಳತೆಗೆ ನಾನು ಎಲ್ಲರಿಗೂ ಹೇಳಿಕೊಡುವುದು ಕ್ಯಾನ್ ವ್ಯಾಯಾಮ. ಇದು ನನ್ನ ಸ್ವಂತದ್ದಲ್ಲ. ಸ್ವೀಡನ್‌ನಲ್ಲಿ ಮಾಗ್ನುಸ್ ಪೀಟರ್ಸನ್ ಎಂಬ ವೈದ್ಯರ ತಂಡ ಹಿಡಿಕೆ ಇರುವ ಪ್ಲಾಸ್ಟಿಕ್ ಡಬ್ಬಿಗೆ ನೀರು ತುಂಬಿಸಿ, ರೋಗಿಗಳಿಂದ ಮನೆಯಲ್ಲೇ ಮಾಡಿಸಿತ್ತು. 2014ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 120 ಜನ ಇದ್ದರು. ಭಾರ ಎತ್ತುವವರಿಗಿಂತ ನಿಧಾನವಾಗಿ ಇಳಿಸುವವರಿಗೆ ನೋವು ಬೇಗ ಕಡಿಮೆಯಾಯಿತು. ಖರ್ಚಿಲ್ಲ, ಮಷೀನ್ ಬೇಕಿಲ್ಲ. ಹುನಗುಂದದ ಹಳ್ಳಿಯಿಂದ ಬಸ್ ಹಿಡಿದು ದಿನಾ ನನ್ನ ಹತ್ತಿರ ಬರುವ ಗೋಜಿಲ್ಲ.

ಹಿಡಿಕೆ ಇರುವ ಎಣ್ಣೆಯ ಖಾಲಿ ಕ್ಯಾನ್ ತೊಳೆದುಕೊಳ್ಳಿ. ಹೆಂಗಸರು ಒಂದು ಲೀಟರ್ ನೀರಿನಿಂದ, ಗಂಡಸರು ಎರಡು ಲೀಟರ್‌ನಿಂದ ಶುರು ಮಾಡಲಿ. ನೋವು ಜೋರಿದ್ದವರಿಗೆ ನಾನು ಅರ್ಧ ಲೀಟರ್‌ನಿಂದಲೇ ಶುರು ಮಾಡಿಸುತ್ತೇನೆ. ಕುರ್ಚಿ ಮೇಲೆ ಕೂತು ಮೊಣಕೈ ಮಡಚಿ, ಮುಂಗೈಯನ್ನು ಟೇಬಲ್ ಮೇಲೆ ಪೂರ್ತಿ ಊರಿ. ಟೇಬಲ್ ಇಲ್ಲದಿದ್ದರೆ ತೊಡೆ ಮೇಲೆ ದಿಂಬು ಇಟ್ಟುಕೊಂಡರೂ ನಡೆಯುತ್ತದೆ. ಮಣಿಕಟ್ಟು ಮಾತ್ರ ಅಂಚಿನಿಂದ ಹೊರಗಿರಲಿ, ಅಂಗೈ ಕೆಳಮುಖವಾಗಿರಲಿ. ನೋವಿರುವ ಕೈಯಲ್ಲಿ ಕ್ಯಾನ್ ಹಿಡಿಯಿರಿ.

ಒಳ್ಳೆಯ ಕೈಯಿಂದ ಕ್ಯಾನನ್ನು ಮೇಲಕ್ಕೆತ್ತಿ ಕೊಡಿ, ಮಣಿಕಟ್ಟು ಮೇಲಕ್ಕೆ ಬಾಗಲಿ. ಈಗ ಒಳ್ಳೆಯ ಕೈ ಬಿಡಿ. ಮನಸ್ಸಿನಲ್ಲಿ ಒಂದರಿಂದ ಐದು ಎಣಿಸುತ್ತಾ ಕ್ಯಾನನ್ನು ಕೆಳಗಿಳಿಸಿ. ಮತ್ತೆ ಒಳ್ಳೆಯ ಕೈಯಿಂದ ಎತ್ತಿ. ನೋವಿನ ಕೈಗೆ ಇಳಿಸುವ ಕೆಲಸ ಮಾತ್ರ. ಹೀಗೆ 15 ಸಲ, ಒಂದು ನಿಮಿಷ ಬಿಡುವು, ಮತ್ತೆ 15, ಮತ್ತೆ 15. ದಿನಕ್ಕೆ ಒಮ್ಮೆ ಸಾಕು. ಕೈ ಸಡಿಲ ಬಿಟ್ಟು ಕ್ಯಾನ್ ದಡಕ್ಕನೆ ಬಿದ್ದರೆ ಆ ಸಲದ್ದು ಲೆಕ್ಕಕ್ಕಿಲ್ಲ, ಇಳಿಸುವ ನಿಧಾನದಲ್ಲೇ ಔಷಧ ಇದೆ. ವಾರಕ್ಕೊಮ್ಮೆ 100 ಮಿಲಿ ನೀರು, ಅಂದರೆ ಸುಮಾರು ಒಂದು ಸಣ್ಣ ಚಹಾ ಗ್ಲಾಸಿನಷ್ಟು ಸೇರಿಸಿ. ಮೂರು ತಿಂಗಳು ಬಿಡದೆ ಮಾಡಿ.

ಮಾಡುವಾಗ ನೋವು ಬರುತ್ತದೆ, ಅದಕ್ಕೆ ಹೆದರಬೇಡಿ. ನಮ್ಮ ಹಿರಿಯರ ಆಣೆ ಲೆಕ್ಕದಲ್ಲೇ ನಾನು ಕೇಳುತ್ತೇನೆ: ತಡೆಯಲಾಗದ ನೋವು ಒಂದು ರೂಪಾಯಿ, ಅಂದರೆ ಹದಿನಾರು ಆಣೆ ಆದರೆ, ಈಗ ಎಷ್ಟು ಆಣೆ ಇದೆ? ನಾಲ್ಕು, ಐದು ಆಣೆ ಇದ್ದು ಮರುದಿನ ಬೆಳಗ್ಗೆ ಮೊದಲಿನಷ್ಟಕ್ಕೇ ಬಂದರೆ ಸರಿ ದಾರಿಯಲ್ಲಿದ್ದೀರಿ. ಎಂಟಾಣೆ ದಾಟಿದರೆ ಅಥವಾ ಮರುದಿನವೂ ಏರಿಯೇ ಇದ್ದರೆ ನೀರು ಕಡಿಮೆ ಮಾಡಿ, ಒಂದು ದಿನ ಬಿಟ್ಟು ಮಾಡಿ. ಕ್ಯಾನ್ ಹಿಡಿಯಲೇ ಆಗದವರು ಮೊದಲ ವಾರ ಹೀಗೆ ಮಾಡಲಿ: ನೋವಿನ ಕೈಯ ಅಂಗೈಯ ಹಿಂಬದಿಗೆ ಇನ್ನೊಂದು ಅಂಗೈ ಅಡ್ಡ ಇಟ್ಟು, ನೋವಿನ ಕೈಯನ್ನು ಅಲುಗದ ಹಾಗೆ ಮೇಲಕ್ಕೆ ಒತ್ತಿ 30–40 ಸೆಕೆಂಡ್ ಹಿಡಿಯಲಿ. ಹೀಗೆ ನಾಲ್ಕೈದು ಸಲ.

ಈಗ ಸೂಜಿ. ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡರೆ ಬೇಗ ಹಾಯ್ ಅನಿಸುತ್ತದೆ, ಅದು ಸುಳ್ಳಲ್ಲ. ನೆದರ್ಲೆಂಡ್ಸ್‌ನಲ್ಲಿ 185 ಜನರ ಮೇಲೆ ನಡೆದು 2002ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ನೋಡಿ. ಆರು ವಾರಕ್ಕೆ ಇಂಜೆಕ್ಷನ್ ಪಡೆದವರಲ್ಲಿ 92%, ಫಿಜಿಯೋಥೆರಪಿ ಮಾಡಿದವರಲ್ಲಿ 47%, ಸುಮ್ನೆ ಕಾದವರಲ್ಲಿ 32% ಜನ ಸುಧಾರಿಸಿದ್ದರು. ಒಂದು ವರ್ಷಕ್ಕೆ ಲೆಕ್ಕ ತಿರುಗಿತು: ಇಂಜೆಕ್ಷನ್ 69%, ಫಿಜಿಯೋಥೆರಪಿ 91%, ಸುಮ್ನೆ ಕಾದವರು 83%. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 2006ರಲ್ಲಿ ಇದನ್ನೇ ನೋಡಿದಾಗ, ಇಂಜೆಕ್ಷನ್‌ನಿಂದ ಸುಧಾರಿಸಿದವರಲ್ಲಿ 72% ಜನರಿಗೆ ನೋವು ಮರುಕಳಿಸಿತು. ನೋವಿಲ್ಲ ಅಂತ ಮರುದಿನವೇ ಪೂರ್ತಿ ಕೆಲಸಕ್ಕೆ ಇಳಿದರೆ ಸವೆದ ಟೆಂಡನ್ ಮೇಲೆ ಮತ್ತೆ ಭಾರ ಬೀಳುತ್ತದೆ. ಕೈಯನ್ನೇ ನಂಬಿ ಬದುಕುವವರಿಗೆ ಇದು ದುಬಾರಿ ಸೌದಾ. ನಿಮ್ಮದೇ ರಕ್ತ ತೆಗೆದು, ಮಷೀನ್‌ನಲ್ಲಿ ತಿರುಗಿಸಿ, ಮತ್ತೆ ನಿಮಗೇ ಹಾಕುವ ಪಿಆರ್‌ಪಿ ಸೂಜಿಗೂ ಸಾವಿರಾರು ರೂಪಾಯಿ ಸುರಿಯಬೇಡಿ. 32 ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2021ರ ಕಾಕ್ರೇನ್ ವರದಿಯ ಪ್ರಕಾರ ಅದರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ.

ಇನ್ನೊಂದು ಎಚ್ಚರ. ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ಜಾತಿಯ ಆಂಟಿಬಯೋಟಿಕ್ ಮಾತ್ರೆಗಳನ್ನು ಚೀಟಿ ಇಲ್ಲದೆ ಮೆಡಿಕಲ್ ಅಂಗಡಿಯಲ್ಲಿ ತಗೋಬೇಡಿ. ಅವು ಟೆಂಡನ್ನಿಗೆ ಹಾನಿ ಮಾಡಬಹುದು ಅಂತ ಅಮೆರಿಕದ ಔಷಧ ಇಲಾಖೆ 2008ರಲ್ಲೇ ಗಟ್ಟಿ ಎಚ್ಚರಿಕೆ ಹಾಕಿಸಿದೆ. ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಹತೋಟಿಗೆ ತನ್ನಿ.

ಕೆಲಸ ನಿಲ್ಲಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ರೊಟ್ಟಿ ಮಾರಿ ಮಕ್ಕಳ ಫೀ ಕಟ್ಟುವ ಅಕ್ಕನಿಗೆ ಹಾಗೆ ಹೇಳುವುದು ಅನ್ಯಾಯ. ಕೆಲಸದ ರೀತಿ ಬದಲಿಸಬಹುದು. ಗುಳೇದಗುಡ್ಡದ ನಮ್ಮ ಚಿಗವ್ವ ಹಿಟ್ಟು ನಾದುವುದನ್ನು ಸೊಸೆಗೆ ಬಿಟ್ಟು, ಬಡಿಯುವುದನ್ನಷ್ಟೇ ತಾನು ಇಟ್ಟುಕೊಂಡಳು. ಅದನ್ನೂ ಬೆಳಗ್ಗೆ ಅರ್ಧ, ಮಧ್ಯಾಹ್ನ ಅರ್ಧ ಮಾಡಿಕೊಂಡಳು. ಅವಳಿಗೆ ಕ್ಯಾನ್‌ಗಿಂತ ಮೊದಲು ಹಾಯ್ ಅನಿಸಿದ್ದು ಇದರಿಂದಲೇ. ಕೊಡ, ಬಕೆಟ್, ಹಿಟ್ಟಿನ ಡಬ್ಬಿ ಎತ್ತುವಾಗ ಅಂಗೈ ಮೇಲ್ಮುಖವಾಗಿರಲಿ, ಮೊಣಕೈ ಮೈಗೆ ಹತ್ತಿರ ಇರಲಿ. ಸೀರೆಯನ್ನು ನಳಕ್ಕೆ ಸುತ್ತಿ ಹಿಂಡಿ. ಮೊಣಕೈ ಬೆಲ್ಟ್ ಹಾಕುವುದಾದರೆ ಉಬ್ಬಿನ ಮೇಲಲ್ಲ, ಅದಕ್ಕಿಂತ ಎರಡು ಬೆರಳು ಕೆಳಗೆ, ಕೆಲಸದ ಹೊತ್ತಿನಲ್ಲಿ ಮಾತ್ರ.

ನೋವು ಹೋದ ಮೇಲೂ ವಾರಕ್ಕೆ ಎರಡು ದಿನ ಕ್ಯಾನ್ ಇಳಿಸುವುದನ್ನು ಬಿಡಬೇಡಿ. ಸಂಕ್ರಾಂತಿಗೆ, ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಕಡಕ್ ರೊಟ್ಟಿಯ ಆರ್ಡರ್ ಒಮ್ಮೆಲೇ ಏರುತ್ತದೆ. ಅದಕ್ಕೆ ಒಂದು ತಿಂಗಳು ಮೊದಲಿನಿಂದಲೇ ವಾರವಾರ ರೊಟ್ಟಿಯ ಲೆಕ್ಕ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗಿ. ಕಡಕ್ ರೊಟ್ಟಿ ಬೇಗ ಕೆಡುವುದಿಲ್ಲ, ಮುಂಚೆಯೇ ಮಾಡಿ ಡಬ್ಬಿ ತುಂಬಿಸಿಟ್ಟುಕೊಳ್ಳಬಹುದು.