ರಕ್ತದಲ್ಲಿ ಕೆಆರ್‌ಎಎಸ್ ರೂಪಾಂತರ ಹುಡುಕಲು ಪಿಎನ್‌ಎ ಕ್ಲ್ಯಾಂಪ್: ನನ್ನ ಅನುಭವ

ಕ್ಯಾನ್ಸರ್ ಗಡ್ಡೆಯಿಂದ ರಕ್ತಕ್ಕೆ ಸೇರುವ ಡಿಎನ್‌ಎ ಅತ್ಯಲ್ಪ, ಉಳಿದದ್ದೆಲ್ಲ ಸಹಜ ಜೀವಕೋಶಗಳದ್ದು. ಸಾಮಾನ್ಯ ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಮಾಡಿದರೆ ಸಹಜ ಪ್ರತಿಗಳೇ ಹೆಚ್ಚುತ್ತವೆ. ಅದಕ್ಕೇ ಕ್ಯಾನ್ಸರ್‌ಗೆ ಸಂಬಂಧಿಸಿದ ಕೆಆರ್‌ಎಎಸ್ ಜೀನ್‌ನ 12ನೇ ಕೋಡಾನ್ (ಒಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರು ಬೇಸ್‌ಗಳ ಗುಂಪು) ಪರೀಕ್ಷೆಗೆ ನಾನು ಪಿಎನ್‌ಎ, ಅಂದರೆ ಡಿಎನ್‌ಎಯನ್ನು ಹೋಲುವ ಕೃತಕ ಎಳೆ, ಬಳಸುತ್ತೇನೆ. ಇದರ ಬೆನ್ನೆಲುಬಿನಲ್ಲಿ ಸಕ್ಕರೆ, ಫಾಸ್ಫೇಟ್ ಇಲ್ಲ, ವಿದ್ಯುದಾವೇಶವೂ ಇಲ್ಲ. ಡಿಎನ್‌ಎಗೆ ಬಿಗಿಯಾಗಿ ಕೂರುತ್ತದೆ, ಪಾಲಿಮರೇಸ್ (ಡಿಎನ್‌ಎ ನಕಲು ಮಾಡುವ ಕಿಣ್ವ) ಇದನ್ನು ಬೆಳೆಸಲಾರದು, ಕತ್ತರಿಸಲಾರದು. ಸಹಜ ಅನುಕ್ರಮಕ್ಕೆ ಹೊಂದುವಂತೆ ಮಾಡಿಸುವುದರಿಂದ ಸಹಜ ಪ್ರತಿ ಮುಚ್ಚಿಹೋಗುತ್ತದೆ; ಇದೇ ಕ್ಲ್ಯಾಂಪ್. ಒಂದು ಬೇಸ್ ಬದಲಾಗಿದ್ದರೂ ಹಿಡಿತ ಸಡಿಲಾಗಿ ಆ ಪ್ರತಿ ಬೆಳೆಯುತ್ತದೆ.

ವಿನ್ಯಾಸದಲ್ಲಿ ಡಿಎನ್‌ಎಯ ಎರಡು ಎಳೆಗಳಲ್ಲಿ ಯಾವುದಕ್ಕೆ ಪಿಎನ್‌ಎ ಕೂರಬೇಕು ಎಂಬ ಆಯ್ಕೆ ಮುಖ್ಯ. ಜಿ12ಡಿ ಎಂಬ ರೂಪಾಂತರದಲ್ಲಿ ಜಿಜಿಟಿ ಹೋಗಿ ಜಿಎಟಿ ಆಗುತ್ತದೆ. ಪಿಎನ್‌ಎ ಈ ಎಳೆಗೇ ಕೂತರೆ ಸಿ ಎದುರು ಎ ಬಂದು ಜೋಡಿ ಬೇಗ ಬಿಡುತ್ತದೆ. ಎದುರು ಎಳೆಗೆ ಮಾಡಿಸಿದರೆ ಜಿ ಎದುರು ಟಿ ಬರುತ್ತದೆ. ಅದು ಅರೆಬರೆ ಅಂಟಿಕೊಂಡೇ ಇರುತ್ತದೆ. ಅಲ್ಲದೆ ಜಿ ಹೆಚ್ಚಿರುವ ಪಿಎನ್‌ಎ ಗಂಟು ಕಟ್ಟುತ್ತದೆ. 17 ಬೇಸ್ ಸಾಕು. ಬಳಸುವ ಮುನ್ನ 60 ಡಿಗ್ರಿಯಲ್ಲಿ 10 ನಿಮಿಷ ಬಿಸಿಮಾಡಿ.

ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನ ರಕ್ತವನ್ನು 4 ಗಂಟೆಯೊಳಗೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಬೇಕು: 1,600 ಜಿ (ಗುರುತ್ವದ 1,600 ಪಟ್ಟು ಬಲ) 10 ನಿಮಿಷ, ಪ್ಲಾಸ್ಮಾ ಬೇರ್ಪಡಿಸಿ ಮತ್ತೆ 16,000 ಜಿ 10 ನಿಮಿಷ. ತಡವಾದರೆ ಬಿಳಿ ರಕ್ತಕಣಗಳು ಒಡೆದು ಸಹಜ ಡಿಎನ್‌ಎ ತುಂಬಿಕೊಳ್ಳುತ್ತದೆ. ರಕ್ತದಲ್ಲಿನ ತುಣುಕುಗಳು ಸುಮಾರು 167 ಬೇಸ್ ಜೋಡಿ ಉದ್ದದವು, ಹಾಗಾಗಿ ಆಂಪ್ಲಿಕಾನ್ (ಪಿಸಿಆರ್‌ನಲ್ಲಿ ನಕಲಾಗುವ ಭಾಗ) 100ಕ್ಕಿಂತ ಚಿಕ್ಕದಿರಲಿ.

20 ಮೈಕ್ರೋಲೀಟರಿನಲ್ಲಿ ಪ್ರೈಮರ್ (ನಕಲು ಆರಂಭಿಸುವ ಚಿಕ್ಕ ಡಿಎನ್‌ಎ ತುಂಡು) ತಲಾ 0.3 ಮೈಕ್ರೋಮೋಲಾರ್, ಪಿಎನ್‌ಎ 1 ಮೈಕ್ರೋಮೋಲಾರ್. 95 ಡಿಗ್ರಿ, ನಂತರ 74ರಲ್ಲಿ 20 ಸೆಕೆಂಡು ಪಿಎನ್‌ಎ ಕೂರಲು, ಆಮೇಲೆ 60ರಲ್ಲಿ ಪ್ರೈಮರ್, 72ರಲ್ಲಿ ವಿಸ್ತರಣೆ. 74ರ ಹಂತ ಬಿಟ್ಟರೆ ಪ್ರೈಮರ್ ಮೊದಲು ಕೂತು ಸಹಜ ಪ್ರತಿಯೂ ಬೆಳೆದುಬಿಡುತ್ತದೆ.

ಪ್ರತಿ ಸಲವೂ ಹೋಲಿಕೆಗೆ ಕೆಆರ್‌ಎಎಸ್ ಸಹಜವಾಗಿರುವ ಎಚ್‌ಟಿ-29 ಕೋಶಗಳ ಡಿಎನ್‌ಎ, ಮತ್ತು ಅದಕ್ಕೆ ಜಿ12ಎಸ್ ರೂಪಾಂತರ ಇರುವ ಎ549 ಕೋಶಗಳ ಡಿಎನ್‌ಎ ಬೆರೆಸಿದ ಮಿಶ್ರಣ ಜೊತೆಗಿಡುತ್ತೇನೆ, ರೋಗಿಯ ಮಾದರಿಯಷ್ಟೇ ನ್ಯಾನೋಗ್ರಾಂ. ಎಚ್‌ಟಿ-29ರ ಪಿಸಿಆರ್ ಸಂಕೇತ ಬೇಗ ಏರಿದರೆ ಕ್ಲ್ಯಾಂಪ್ ಸೋರುತ್ತಿದೆ, ಪಿಎನ್‌ಎ ಸ್ವಲ್ಪ ಹೆಚ್ಚಿಸಿ. ಅತಿಯಾದರೆ ಎ549 ಕೂಡ ಅಡಗುತ್ತದೆ. ಒಂದೇ ಮಾದರಿಯಲ್ಲಿ ಪ್ಲೇಟಿನ ಬಾವಿಯಿಂದ (ಕುಳಿಯಿಂದ) ಬಾವಿಗೆ ಬೇರೆಬೇರೆ ರೂಪಾಂತರ ಕಂಡರೆ ಅದು ಟ್ಯಾಕ್ ಎಂಬ ಪಾಲಿಮರೇಸ್‌ನ ನಕಲು ದೋಷ; ಹೆಚ್ಚು ನಿಖರ ಪಾಲಿಮರೇಸ್‌ಗೆ ಬದಲಿಸಿ.

ಎಲ್ಲಕ್ಕಿಂತ ಮೊದಲು ಲೆಕ್ಕ ಹಾಕಿ. 10 ನ್ಯಾನೋಗ್ರಾಂನಲ್ಲಿ ಇರುವುದು ಸುಮಾರು 3,000 ಪ್ರತಿ, ಶೇ 0.1 ಎಂದರೆ 3. ಎಂಥ ಒಳ್ಳೆಯ ಕ್ಲ್ಯಾಂಪೂ ಟ್ಯೂಬಿನಲ್ಲಿ ಇಲ್ಲದ್ದನ್ನು ತೋರಿಸದು. ಆದ್ದರಿಂದ ಡಿಎನ್‌ಎ ಕಡಿಮೆಯಿದ್ದಾಗ ವರದಿಯಲ್ಲಿ ‘ರೂಪಾಂತರ ಇಲ್ಲ’ ಎಂದು ಬರೆಯುವುದಿಲ್ಲ. ‘ಪತ್ತೆಯಾಗಿಲ್ಲ’ ಎಂದು ಬರೆದು, ಪರೀಕ್ಷಿಸಿದ ಪ್ರತಿಗಳ ಸಂಖ್ಯೆ ಕೊಡುತ್ತೇನೆ.