ಹರಿಕಥೆಯಲ್ಲಿ ರಾಜಾಜಿ: ದೆಹಲಿ ಬಿಟ್ಟು ಸೇಲಂನಿಂದ ಹೊರಟೆ

"ರಾಜಕಾರಣಿಯ ಕಥೆ ಮಾಡ್ತೀಯಾ? ಕೊನೆಗೆ ಮಂಗಳ ಯಾರಿಗೆ ಹಾಡ್ತೀಯಪ್ಪಾ?"

ರಾಜಾಜಿಯ, ಅಂದರೆ ಸಿ. ರಾಜಗೋಪಾಲಾಚಾರಿಯವರ, ಹರಿಕಥೆ ಮಾಡುತ್ತೇನೆ ಅಂದಾಗ ನಮ್ಮ ಹಾರ್ಮೋನಿಯಂ ಅಣ್ಣ ಹೀಗೆ ಕೇಳಿ ನಕ್ಕು ಆರೇಳು ವರ್ಷ ಆಗಿರಬೇಕು. ಹೋದ ತಿಂಗಳು ಕೆಲಮಂಗಲದ ಕಡೆಯ ಹಳ್ಳಿಯೊಂದರಲ್ಲಿ ಅದೇ ಕಥೆಗೆ ಇನ್ನೂರರ ಮೇಲೆ ಜನ ಕೂತಿದ್ದರು. ಮಂಗಳಕ್ಕೆ ಮುಂಚೆ ಎದ್ದು ಹೋದವರು ಹತ್ತೋ ಹದಿನೈದೋ. ಪೆಟ್ಟಿಗೆ ನುಡಿಸಿದ್ದು ಅದೇ ಅಣ್ಣ. ಈಗ ನಾಲ್ಕು ಮಾತು ಬರೆದರೆ ತಪ್ಪಿಲ್ಲ ಅಂದುಕೊಂಡೆ.

ಕಥೆ ಮಾಡುವವರಿಗೆ ಪೀಠಿಕೆ, ಉಪಕಥೆ ಅಂತೆಲ್ಲ ನಾನು ಹೇಳಿಕೊಡಬೇಕಾಗಿಲ್ಲ. ನೇರವಾಗಿ ಎಲ್ಲಿ ಬಿದ್ದೆ ಅಂತ ಹೇಳುತ್ತೇನೆ.

ಮೊದಲ ಪ್ರಯೋಗ ತಮಿಳುನಾಡು ಗಡಿಯ ನಮ್ಮ ಹೊಸೂರಿನಲ್ಲಿ, ಒಂದು ಜನವರಿ 26ಕ್ಕೆ. ರಾಜಾಜಿ ನಮ್ಮ ಪಕ್ಕದ ತೊರಪಳ್ಳಿಯವರು, ಹೊಸೂರಿನ ಶಾಲೆಯಲ್ಲೇ ಓದಿದವರು, ಜನ ಮುಗಿಬೀಳುತ್ತಾರೆ ಅಂತ ನನ್ನ ಲೆಕ್ಕ. ಶುರು ಮಾಡಿದ್ದೇ ದೆಹಲಿಯಿಂದ. 1948ರ ಜೂನ್, ಮೌಂಟ್‌ಬ್ಯಾಟನ್ ಹೊರಟರು, ಆ ದೊಡ್ಡ ಬಂಗಲೆಗೆ ನಮ್ಮ ಸೀಮೆಯ ಮನುಷ್ಯ ಗವರ್ನರ್ ಜನರಲ್ ಆಗಿ ಬಂದರು! ಒಂದು ಕಂದಪದ್ಯ, ಒಂದು ಜೋರು ಪದ. ಚಪ್ಪಾಳೆ ಬಂತು. ಆಮೇಲೆ ಏನು? ಶಿಖರದಲ್ಲಿ ನಿಂತವನು ಇಳಿಯಲೇಬೇಕಲ್ಲ. ಹುಟ್ಟು, ಓದು, ಜೈಲು, ಪದವಿ ಅಂತ ಹಿಂದಕ್ಕೆ ಹೋಗಿ ಪಟ್ಟಿ ಓದಿದ ಹಾಗಾಯಿತು. ಎರಡೂವರೆ ಗಂಟೆ ಎಳೆದೆ. ಒಂದೂವರೆ ಗಂಟೆಗೆ ಅರ್ಧ ಪೆಂಡಾಲು ಖಾಲಿ. ಉಳಿದವರು ಪುಳಿಯೋಗರೆಗೆ ಕಾದು ಕೂತವರು.

ಖರ್ಚು ಕೇಳಿ. ಪೆಟ್ಟಿಗೆಗೆ ಒಂದೂವರೆ ಸಾವಿರ, ತಬಲಾಗೆ ಅಷ್ಟೇ, ಮೈಕ್ ಸೆಟ್ಟಿಗೆ ಎರಡು ಸಾವಿರದ ಆಸುಪಾಸು, ಆಟೋ, ಹೂವು, ಬ್ಯಾನರು. ಸಂಭಾವನೆ ಅಂತ ಕೈಗೆ ಬಂದದ್ದು ಎರಡು ಸಾವಿರ, ಒಂದು ಶಾಲು. ಶಾಲು ಮನೆಯಲ್ಲಿ ಈಗಾಗಲೇ ಮೂವತ್ತು ಇವೆ. ಆ ವರ್ಷ ಹೀಗೇ ಮೂರು ಕಡೆ ಮಾಡಿ ಹತ್ತು ಹನ್ನೆರಡು ಸಾವಿರ ಕಳೆದುಕೊಂಡೆ. ಮನೆಯಲ್ಲಿ ಮಾತು ಬಿಟ್ಟರು. "ಸುಮ್ನೆ ಸುಧನ್ವನ ಕಥೆ ಮಾಡಿಕೊಂಡಿರಿ" ಅಂದರು.

ನಡುವೆ ಒಂದು ಹುಚ್ಚೂ ಹಿಡಿದಿತ್ತು. ಪ್ರೊಜೆಕ್ಟರ್ ಬಾಡಿಗೆಗೆ ತಂದು ಹಿಂದೆ ಪರದೆ ಕಟ್ಟಿ ಫೋಟೋ ತೋರಿಸಿದೆ. ಜನ ಫೋಟೋ ನೋಡಿದರು, ನನ್ನನ್ನು ನೋಡಲಿಲ್ಲ. ಕರೆಂಟು ಹೋದಾಗ ಕಥೆಯೂ ಹೋಯಿತು. ಗೆಜ್ಜೆ ಕಟ್ಟಿ ನಿಂತವನಿಗೆ ಪರದೆ ಸವತಿ ಇದ್ದ ಹಾಗೆ.

ದಾರಿ ಸಿಕ್ಕಿದ್ದು ಬೇರೆ ಕಡೆ. ಹೊಸೂರು ನಗರಸಭೆ ಕಾರ್ಪೊರೇಷನ್ ಆಗಿ, 2022ರ ಫೆಬ್ರವರಿಯಲ್ಲಿ ಚುನಾವಣೆ ಬಂತು. ನಮ್ಮ ಬೀದಿಯಲ್ಲಿ ಮಾತೆಲ್ಲ ನೀರು, ಮೋರಿ, ಬೀದಿ ದೀಪದ್ದೇ. ಟೀ ಅಂಗಡಿಯಲ್ಲಿ ಒಬ್ಬ ಕೇಳಿದ, "ಕೌನ್ಸಿಲರ್ ಆದವನು ಎಲ್ಲಿ ತನಕ ಹೋಗ್ತಾನೆ ಸ್ವಾಮಿ, ಅವನ ಮನೆ ತನಕ ತಾನೇ?" ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ರಾಜಾಜಿ 1911ರಲ್ಲಿ ಸೇಲಂ ಪುರಸಭೆಯ ಸದಸ್ಯರಾದವರು, 1917ರಿಂದ 1919ರ ತನಕ ಅದೇ ಪುರಸಭೆಯ ಅಧ್ಯಕ್ಷರು. ಇದನ್ನು ನಾನು ಒಂದೇ ಸಾಲಿನಲ್ಲಿ ಹೇಳಿ ದಾಟಿ ಹೋಗುತ್ತಿದ್ದೆನಲ್ಲ! ಜನಕ್ಕೆ ಗೊತ್ತಿರುವ ಮನುಷ್ಯ ಕೌನ್ಸಿಲರು. ಗವರ್ನರ್ ಜನರಲ್‌ನ ಯಾರು ಕಂಡಿದ್ದಾರೆ?

ಕಥೆಯನ್ನು ಬಿಚ್ಚಿ ಮತ್ತೆ ಕಟ್ಟಿದೆ. ಈಗ ಪೀಠಿಕೆಯೇ ನೀರಿಲ್ಲದ ಬೀದಿಯ ಖಾಲಿ ಕೊಡ. ನಂತರ ಸೇಲಂನ ವಕೀಲರು ಪುರಸಭೆಯ ಮೆಟ್ಟಿಲು ಹತ್ತುತ್ತಾರೆ. ಅಲ್ಲಿಗೆ ಮೊದಲ ದಲಿತ ಸದಸ್ಯ ಬರಲು ಇವರೇ ಕಾರಣ ಅನ್ನುವಲ್ಲಿ ಐದು ನಿಮಿಷ ನಿಲ್ಲುತ್ತೇನೆ. 1930ರಲ್ಲಿ ತಿರುಚ್ಚಿಯಿಂದ ವೇದಾರಣ್ಯಕ್ಕೆ ಉಪ್ಪಿನ ನಡಿಗೆ ಹೊರಡುವ ಹೊತ್ತಿಗೆ ಕೇಳುವವರಿಗೆ ಇವರು ತಮ್ಮ ವಾರ್ಡಿನವರೇ ಆಗಿಬಿಟ್ಟಿರುತ್ತಾರೆ. ಉಪ್ಪಿನ ಪದಕ್ಕೆ ತಾಳ ನಡೆದ ಹಾಗೇ ಇರಬೇಕು, ಓಡಬಾರದು.

ಕಥೆಯ ಜೀವ ಇರುವುದು 1937ರಲ್ಲಿ. ರಾಜಾಜಿ ಮದ್ರಾಸಿನ ಪ್ರಧಾನಿ, ಪ್ರಾಂತ್ಯದ ಮುಖ್ಯಮಂತ್ರಿಯನ್ನು ಆಗ ಹಾಗೇ ಕರೆಯುತ್ತಿದ್ದರು. ಅಕ್ಟೋಬರ್ 1ಕ್ಕೆ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ. "ಅಮ್ಮಂದಿರೇ, ಆಗ ನಮ್ಮ ಹೊಸೂರು ಯಾವ ಜಿಲ್ಲೆ?" ಅಂತ ಕೇಳಿ ಕೈಯಲ್ಲಿನ ತಾಳದ ಚಿಟಿಕೆ ನಿಲ್ಲಿಸುತ್ತೇನೆ. ಯಾರಾದರೂ ಮುದುಕರು "ಸೇಲಂ!" ಅನ್ನುತ್ತಾರೆ. ಧರ್ಮಪುರಿ ಬೇರೆ ಆಗಿದ್ದು 1965ರಲ್ಲಿ, ಅದರಿಂದ ನಮ್ಮ ಈಗಿನ ಕೃಷ್ಣಗಿರಿ ಜಿಲ್ಲೆ 2004ರಲ್ಲಿ. ಅಂದರೆ ಹೆಂಡದಂಗಡಿ ಮುಚ್ಚಿದ್ದು ನಮ್ಮ ತಾತಂದಿರ ಬೀದಿಯಲ್ಲೇ. ಹೆಂಗಸರ ಕಡೆಯಿಂದ ಒಂದು ಗಲಗಲ ಏಳುತ್ತದೆ ನೋಡಿ, ಅದು ಯಾವ ಪೌರಾಣಿಕ ಕಥೆಯಲ್ಲೂ ನನಗೆ ಸಿಕ್ಕಿರಲಿಲ್ಲ. ಅಲ್ಲಿ ಹಾಡುವ ಪದದ ಮಟ್ಟು ಯಾವುದು ಅಂತ ಇಬ್ಬರು ಕೇಳಿದರು. ಹೇಳಲಿಲ್ಲ, ಇಲ್ಲೂ ಹೇಳುವುದಿಲ್ಲ. ಕುಡುಕನ ಪಾತ್ರ ಮಾತ್ರ ಮಾಡಬೇಡಿ. ಒಮ್ಮೆ ಮಾಡಿದೆ, ಜನ ಅವನದ್ದನ್ನೇ ಮತ್ತೆ ಮತ್ತೆ ಕೇಳಿ ರಾಜಾಜಿಯನ್ನೇ ಮರೆತರು.

ಹೆಂಡದ ವರಮಾನ ಹೋಯಿತು, ಅದಕ್ಕೆ 1939ರಲ್ಲಿ ಮಾರಾಟ ತೆರಿಗೆ ತಂದರು. ಇದನ್ನು ಅಂಗಡಿ ಬೀದಿಯ ಕಥೆಯಲ್ಲಿ ಬಿಡಬೇಡಿ. ಬಾಗಲೂರಿನಲ್ಲಿ ದಿನಸಿ ಅಂಗಡಿಯವರೊಬ್ಬರು ಎದ್ದು ನಿಂತು "ಓ, ನಮ್ಮ ಜಿಎಸ್‌ಟಿಗೆ ಇವರೇ ತಾತನಾ?" ಅಂದರು. ಆ ಮಾತನ್ನು ಈಗ ನಾನೇ ಹೇಳುತ್ತೇನೆ, ಅವರ ಅಪ್ಪಣೆ ಪಡೆದೇ.

ಇನ್ನೊಂದು ಕಷ್ಟ. ರಾಮನಿಗೆ ಸಭೆಯಲ್ಲಿ ವಿರೋಧಿಗಳಿಲ್ಲ, ರಾಜಕಾರಣಿಗೆ ಇದ್ದಾರೆ. 1953ರ ಶಾಲಾ ಯೋಜನೆಯನ್ನು ಮೊದಲು ನಾನು ಹಾರಿಸಿಬಿಡುತ್ತಿದ್ದೆ. ಡೆಂಕಣಿಕೋಟೆ ಹತ್ತಿರ ಒಬ್ಬ ಯುವಕ ಎದ್ದು "ಅರ್ಧ ದಿನ ಶಾಲೆ, ಅರ್ಧ ದಿನ ಅಪ್ಪನ ಕಸುಬು ಅಂದಿದ್ದು ಯಾಕೆ ಹೇಳಲ್ಲ?" ಅಂತ ಕೇಳಿದ. ಬೆವರಿದೆ. ಅವನು ಕೇಳಿದ್ದು ಸರಿಯೇ. ಈಗ ಅದನ್ನು ನಾನೇ ಎತ್ತಿ ಹೇಳುತ್ತೇನೆ. ಅದು ಜಾತಿಯ ಕಸುಬಿಗೇ ಮಕ್ಕಳನ್ನು ಕಟ್ಟಿಹಾಕುತ್ತದೆ ಅಂತ ಎದ್ದ ವಿರೋಧವನ್ನೂ, 1954ರಲ್ಲಿ ಅವರು ಕುರ್ಚಿ ಬಿಟ್ಟಿದ್ದನ್ನೂ. ಗವರ್ನರ್ ಜನರಲ್ ಆಗಿ, ದೆಹಲಿಯಲ್ಲಿ ಗೃಹಮಂತ್ರಿ ಆಗಿ, ಮತ್ತೆ 1952ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾಗಿ ಇಳಿದು ಬಂದವರು ಹಾಗೆ ಎದ್ದು ಹೋದರು ಅಂದಾಗ ಸಭೆ ಗಪ್‌ಚುಪ್. ಬಾಯಿ ಮುಚ್ಚಿಸಲು ನೋಡಿದರೆ ಕಥೆ ಕೆಡುತ್ತದೆ.

1959ರಲ್ಲಿ ಅವರು ಕಟ್ಟಿದ ಸ್ವತಂತ್ರ ಪಕ್ಷವನ್ನು ಮೂರು ಮಾತಿನಲ್ಲಿ ಮುಗಿಸುತ್ತೇನೆ. ರಾತ್ರಿ ಹತ್ತಕ್ಕೆ ಮೈಕ್ ನಿಲ್ಲಿಸಬೇಕಲ್ಲ.

ಈಗ ಒಟ್ಟು ಒಂದು ಗಂಟೆ ನಲವತ್ತು ನಿಮಿಷ. ಒಂದು ಕಥೆಗೆ ಹನ್ನೆರಡು ಸಾವಿರದ ಹತ್ತಿರ ಕೊಡುತ್ತಾರೆ, ಪಕ್ಕವಾದ್ಯ, ಗಾಡಿ ಕಳೆದು ನನಗೆ ಐದು ಉಳಿಯುತ್ತದೆ. ಹೋದ ವರ್ಷ ಹದಿನಾಲ್ಕೋ ಹದಿನೈದೋ ಕಥೆ ಆಯಿತು. ಒಬ್ಬರು ತಮ್ಮ ನಾಯಕರ ಹೆಸರು ಕಥೆಯೊಳಗೆ ಸೇರಿಸಿದರೆ ಇಪ್ಪತ್ತು ಕೊಡುತ್ತೇನೆ ಅಂದರು. ಎರಡು ರಾತ್ರಿ ನಿದ್ದೆ ಬರಲಿಲ್ಲ, ಮೂರನೇ ದಿನ ಬೇಡ ಅಂದೆ.

ಮಂಗಳದ ವಿಷಯ ಮರೆತೆ. ಅದನ್ನು ಆಯಾ ಊರಿನ ದೇವರಿಗೇ ಹಾಡುತ್ತೇನೆ. ಹೊಸೂರಿನಲ್ಲಿ ಚಂದ್ರಚೂಡೇಶ್ವರನಿಗೆ, ಹಳ್ಳಿಗಳಲ್ಲಿ ಅವರ ಮಾರಮ್ಮನಿಗೆ. ಊರ ಹೆಸರು, ದೇವರ ಹೆಸರು ಮೊದಲೇ ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮೇಲೆ ಇಡಬೇಕು. ಇದು ಅಣ್ಣನದೇ ಉಪಾಯ. ತಳಿ ಅನ್ನುವ ಊರಲ್ಲಿ ಆ ಚೀಟಿ ಗಾಳಿಗೆ ಹಾರಿಹೋಗಿ, ಪಕ್ಕದೂರಿನ ಅಮ್ಮನಿಗೆ ಮಂಗಳ ಹಾಡಿಬಿಟ್ಟೆ. ಆವತ್ತು ಊಟ ತಡವಾಗಿ ಬಂತು.