ಮತ್ತೆ ಮತ್ತೆ ಕಚ್ಚುವ ಪದ

ಮಂಡ್ಯದಲ್ಲಿ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಮಾಡುತ್ತೇನೆ. ‘ರಿಮೋರ್ಸ್’ ಪದ ಬಂದಾಗಲೆಲ್ಲ ಬೋರ್ಡ್ ಮೇಲೆ ‘ಪಶ್ಚಾತ್ತಾಪ’ ಅಂತ ಬರೆದು ಮುಂದೆ ಹೋಗುತ್ತಿದ್ದೆ. ಒಂದು ದಿನ ಹುಡುಗನೊಬ್ಬ ಚೀಟಿ ತಂದ. ‘ಐ ರಿಮೋರ್ಸ್ ಫಾರ್ ನಾಟ್ ಕಮಿಂಗ್ ಯೆಸ್ಟರ್ಡೇ.’

“ಪಶ್ಚಾತ್ತಾಪ ಪಡ್ತೀನಿ ಅಂತ ಬರ್ದಿವ್ನಿ ಸಾ” ಅಂದ.

ಅವನದೇನೂ ತಪ್ಪಿಲ್ಲ. ಕನ್ನಡದಲ್ಲಿ ‘ಪಡು’ ಸೇರಿಸಿದರೆ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ರಿಮೋರ್ಸ್ ಬರೀ ನಾಮಪದ. ‘ಐ ಫೆಲ್ಟ್ ರಿಮೋರ್ಸ್’ ಅನ್ನಬೇಕು. ಮೊದಲಿಗೆ ‘ಎ’ ಹಾಕುವ ಹಾಗಿಲ್ಲ, ಬಹುವಚನವೂ ಇಲ್ಲ. ಹಾಕಲೇಬೇಕಿದ್ದರೆ ‘ಎ ಪ್ಯಾಂಗ್ ಆಫ್ ರಿಮೋರ್ಸ್’.

ಅದಿರಲಿ, ಒಂದು ದಿನ ಟ್ಯೂಷನ್ ತಪ್ಪಿಸಿದ್ದಕ್ಕೆ ಅಷ್ಟು ಭಾರದ ಪದ ಯಾಕೆ? ‘ಸಾರಿ’ ಸಾಕಲ್ವಾ? ರೈಲು ತಡವಾದರೆ ಸ್ಟೇಷನ್ ಮೈಕಿನಲ್ಲಿ ‘ರಿಗ್ರೆಟ್’ ಅಂತಾರೆ. ಮೈಕಿನ ಹಿಂದೆ ಇರುವವರೇನೂ ರೈಲು ಹಿಡಿದು ನಿಲ್ಲಿಸಿರೋದಿಲ್ಲ. ತನ್ನ ತಪ್ಪಿಲ್ಲದಿದ್ದರೂ ರಿಗ್ರೆಟ್ ಅನ್ನಬಹುದು. ರಿಮೋರ್ಸ್ ಹಾಗಲ್ಲ. ತಪ್ಪು ನಾನೇ ಮಾಡಿರಬೇಕು, ಅದು ಒಳಗೆ ಕೊರೆಯುತ್ತಿರಬೇಕು. ‘ಗಿಲ್ಟಿ’ ಅಂತ ಕೋರ್ಟು ಹೇಳಬಹುದು. ಆದರೆ ಅಪರಾಧಿ ಅಂತ ತೀರ್ಮಾನ ಆದವನ ಬಗ್ಗೆಯೂ ಇಂಗ್ಲಿಷ್ ಪೇಪರಿನಲ್ಲಿ ‘ಹಿ ಶೋಡ್ ನೋ ರಿಮೋರ್ಸ್’ ಅಂತ ಬರುತ್ತೆ. ಗಿಲ್ಟಿ ಹೌದು, ರಿಮೋರ್ಸ್ ಇಲ್ಲ.

ಇದನ್ನೆಲ್ಲ ಹೇಳಿದರೂ ಮಕ್ಕಳ ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ಪದದ ಬೇರು ಹುಡುಕಿದೆ. ಲ್ಯಾಟಿನ್ನಿನ ‘ರೆಮೊರ್ಡೆರೆ’. ‘ರೆ’ ಅಂದರೆ ಮತ್ತೆ, ‘ಮೊರ್ಡೆರೆ’ ಅಂದರೆ ಕಚ್ಚು. ತುತ್ತು ಅನ್ನೋದಕ್ಕೆ ಇಂಗ್ಲಿಷಿನಲ್ಲಿರುವ ‘ಮಾರ್ಸೆಲ್’ ಕೂಡ ಇದೇ ಬೇರಿನದು. ನಮ್ಮ ಪಶ್ಚಾತ್ತಾಪ ಆಮೇಲೆ ಸುಡುತ್ತೆ, ‘ಪಶ್ಚಾತ್’ ಅಂದರೆ ಆಮೇಲೆ, ‘ತಾಪ’ ಅಂದರೆ ಬಿಸಿ. ಅವರದು ಮತ್ತೆ ಕಚ್ಚುತ್ತೆ.

ಮಾರನೆ ದಿನ ಕ್ಲಾಸಿನಲ್ಲಿ ಕೇಳಿದೆ, “ಹೊಸ ಚಪ್ಪಲಿ ಯಾರಿಗೆ ಕಚ್ಚಿದೆ?” ಎಲ್ಲ ಕೈಗಳೂ ಮೇಲೆ. ಹೆಜ್ಜೆ ಹೆಜ್ಜೆಗೂ ಅದೇ ಜಾಗದಲ್ಲೇ ಕಚ್ಚುತ್ತೆ ತಾನೆ? ಅದೇ ರಿಮೋರ್ಸ್. ಈಗ ನಾನು ಬೋರ್ಡ್ ಮೇಲೆ ಅರ್ಥ ಬರೆಯೋದೇ ಇಲ್ಲ, ಚಪ್ಪಲಿಯಿಂದಲೇ ಶುರು ಮಾಡುತ್ತೇನೆ.

ಇನ್ನೊಂದು ಸಂಗತಿ ಹೇಳಲೇಬೇಕು. ಇದಕ್ಕೂ ಮುಂಚಿನ ಬ್ಯಾಚಿನಲ್ಲಿ ಹುಡುಗಿಯೊಬ್ಬಳು ಪ್ರಬಂಧದಲ್ಲಿ ‘ರಿಮೋರ್ಸ್‌ಲೆಸ್ ರೇನ್’ ಅಂತ ಬರೆದಿದ್ದಳು. ಕೆಂಪು ಪೆನ್ನಿನಲ್ಲಿ ಗೀಟು ಎಳೆದು, “ಮಳೆಗೆಂಥ ಪಶ್ಚಾತ್ತಾಪನಮ್ಮ?” ಅಂತ ಎಲ್ಲರೆದುರೇ ಕೇಳಿದ್ದೆ. ಕ್ಲಾಸೆಲ್ಲ ನಕ್ಕಿತ್ತು. ಅವಳು ತಲೆ ತಗ್ಗಿಸಿ, ಆ ಪದವನ್ನು ರಬ್ಬರಿನಿಂದ ಉಜ್ಜತೊಡಗಿದಳು. ಬರೆದದ್ದು ಪೆನ್ನಿನಲ್ಲಿ, ಹಾಳೆಯೇ ಹರಿಯಿತು.

ಪದದ ಬೇರು ಹುಡುಕಿದ ರಾತ್ರಿಯೇ ನಿಘಂಟಿನಲ್ಲಿ ‘ರಿಮೋರ್ಸ್‌ಲೆಸ್’ ಕೂಡ ನೋಡಿದೆ. ಮೊದಲನೇ ಅರ್ಥ, ಮಾಡಿದ ತಪ್ಪಿಗೆ ಮರುಗದ, ಕರುಣೆಯಿಲ್ಲದ. ಅದು ನನಗೆ ಗೊತ್ತಿತ್ತು. ಕೆಳಗೆ ಇನ್ನೊಂದು ಅರ್ಥ, ಬಿಡದೆ ಒಂದೇ ಸಮನೆ ಸಾಗುವ. ಎಡೆಬಿಡದ ಮಳೆ. ಅವಳು ಬರೆದದ್ದು ಸರಿಯಾಗಿತ್ತು. ಬರೀ ಸರಿಯಲ್ಲ, ಚೆನ್ನಾಗಿತ್ತು.

ಅಷ್ಟರಲ್ಲಿ ಅವಳು ಡಿಗ್ರಿಗೆ ಮೈಸೂರು ಸೇರಿದ್ದಳು. ಪೇಪರ್ ತಿದ್ದಲು ಕೂತಾಗಲೆಲ್ಲ ಆ ಹರಿದ ಹಾಳೆ ಕಣ್ಣ ಮುಂದೆ ಬರುತ್ತಿತ್ತು. ಸುಮಾರು ಒಂದು ವರ್ಷದ ಮೇಲೆ ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಅವಳೇ ಬಂದು ಮಾತಾಡಿಸಿದಳು. ಊಟ, ಹಾಸ್ಟೆಲು, ಪರೀಕ್ಷೆ ಎಲ್ಲ ಆಯಿತು. ಕೊನೆಗೆ ಹೇಳಿಬಿಟ್ಟೆ, “ನೀನು ಬರೆದ ಆ ಮಳೆ ಸರಿಯಾಗೇ ಇತ್ತಮ್ಮ. ತಪ್ಪು ನನ್ನದು.”

ಅವಳು ಒಂದು ಗಳಿಗೆ ಯೋಚಿಸಿದಳು.

“ಯಾವ ಮಳೆ ಸರ್?”